ಇಬ್ಬರೂ ಒಬ್ಬರೇ

ಲಿಂಗಸುಗೂರಿನ ಕಚೇರಿಯೊಂದರ ಮುಂದೆ ಬೇವಿನ ಮರದ ನೆರಳಿಗೆ ಮೇಜು ಹಾಕಿಕೊಂಡಿದ್ದ ಬಾಂಡ್ ರೈಟರ್ ತಲೆ ಎತ್ತದೆಯೇ ಕೇಳಿದರು.

‘ಏನ್ ಬರೀಬೇಕ್ರಿ?’

‘ಇವರಿಬ್ಬರೂ ಒಬ್ಬರೇ ಅಂತ.’

‘ಯಾರಿಬ್ಬರು?’

‘ನಮ್ಮಜ್ಜ.’

ಅವರಿಗೆ ಅಚ್ಚರಿಯೇನೂ ಆಗಲಿಲ್ಲ. ದಿನಕ್ಕೆ ಇಂಥವು ನಾಕು ಬರ್ತಾವ್ರಿ ಎಂದು ಹೊಸ ಹಾಳೆ ತೆಗೆದರು. ನಮ್ಮಜ್ಜ ಸತ್ತು ಮೂವತ್ತು ವರ್ಷದ ಮೇಲಾಯಿತು. ಪೌತಿ ಖಾತೆ ಮಾಡಿಸಲು ಹೋದಾಗ ಗೊತ್ತಾದದ್ದು ಇಷ್ಟು: ಒಂದು ಸರ್ವೆ ನಂಬರಿನಲ್ಲಿ ಅವನು ಹೂವಪ್ಪ, ಇನ್ನೊಂದರಲ್ಲಿ ಪೂಲಪ್ಪ. ಎರಡನೆಯದು ಹಳೆಯ ಮತದಾರರ ಪಟ್ಟಿ ನೋಡಿ ಯಾರೋ ಬರೆದುಕೊಂಡದ್ದು. ಪಟ್ಟಿಗೆ ಆ ಹೆಸರು ಹೇಗೆ ಬಂತೆಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ, ಅದನ್ನು ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಕಚೇರಿಯ ಮಾತು ಒಂದೇ: ಹೂವಪ್ಪನೂ ಪೂಲಪ್ಪನೂ ಒಬ್ಬನೇ ಎಂದು ಅಫಿಡವಿಟ್ ತನ್ನಿ.

ಅಲ್ಲಿಂದ ಸಿಂಧನೂರಿನ ಬಸ್ಸು ಹತ್ತಿದರೆ ನಡುವೆ ಸಿಗುವುದು ಮಸ್ಕಿ. ಈ ದೇಶದಲ್ಲಿ ‘ಇಬ್ಬರೂ ಒಬ್ಬರೇ’ ಎಂದು ಸಾರಿದ ಅತ್ಯಂತ ಪ್ರಸಿದ್ಧ ಅಫಿಡವಿಟ್ಟು ಈ ಊರಿನ ಗುಡ್ಡದಲ್ಲಿ ಬಂಡೆಯ ಮೇಲಿದೆ. ಕಿಟಕಿಯಿಂದ ಗುಡ್ಡ ಕಂಡಾಗಲೇ ಈ ಹೋಲಿಕೆ ಹೊಳೆದದ್ದು. ಇಳಿದುಬಿಟ್ಟೆ.

ಹೊಳೆದ ಕಾರಣ ಹೇಳಬೇಕು. ಕಲ್ಕತ್ತೆಯ ಟಂಕಸಾಲೆಯಲ್ಲಿ ಕೆಲಸಕ್ಕಿದ್ದ ಜೇಮ್ಸ್ ಪ್ರಿನ್ಸೆಪ್ 1837ರ ಹೊತ್ತಿಗೆ ಬ್ರಾಹ್ಮೀ ಲಿಪಿಯನ್ನು ಓದಿ ಮುಗಿಸಿದ. ಓದಿದ ಕಂಬಗಳಲ್ಲೂ ಬಂಡೆಗಳಲ್ಲೂ ಮತ್ತೆ ಮತ್ತೆ ಬರುತ್ತಿದ್ದವನು ಒಬ್ಬ ರಾಜ: ದೇವಾನಂಪಿಯ ಪಿಯದಸಿ, ದೇವರಿಗೆ ಪ್ರಿಯನಾದವನು, ಪ್ರೀತಿಯಿಂದ ನೋಡುವವನು. ಇವೆಲ್ಲ ಬಿರುದುಗಳು. ಹೆಸರೆಲ್ಲಿ? ಪುರಾಣಗಳ ರಾಜವಂಶದ ಪಟ್ಟಿಗಳಲ್ಲಿ ಪಿಯದಸಿ ಎಂಬವನಿಲ್ಲ. ಸಿಂಹಳದಲ್ಲಿ ದೇವಾನಂಪಿಯ ತಿಸ್ಸ ಎಂಬ ಅರಸನಿದ್ದನಲ್ಲ, ಅವನೇ ಇರಬೇಕೆಂದು ಪ್ರಿನ್ಸೆಪ್ ಮೊದಲು ಅಂದುಕೊಂಡ. ಅದೇ ವರ್ಷ ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥ ದೀಪವಂಶವನ್ನು ತಿರುವುತ್ತ, ಪಿಯದಸ್ಸಿ ಎಂದರೆ ಚಂದ್ರಗುಪ್ತನ ಮೊಮ್ಮಗ ಅಶೋಕನೆಂದು ತೋರಿಸಿದ. ಎಲ್ಲರೂ ಒಪ್ಪಿದರು. ಆದರೆ ಒಪ್ಪಿದ್ದು ಗ್ರಂಥದ ಮಾತನ್ನು. ಕಲ್ಲು ಇನ್ನೂ ಸಾಕ್ಷಿ ಹೇಳಿರಲಿಲ್ಲ. ಹಾಗೆಯೇ 78 ವರ್ಷ ಹೋಯಿತು.

1915ರ ಜನವರಿಯಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ನಿಜಾಮನ ಸೀಮೆಯ ಈ ಭಾಗದಲ್ಲಿ ಚಿನ್ನದ ಜಾಡು ಹಿಡಿದು ಅಲೆಯುತ್ತಿದ್ದ. ಅಲೆಯಲು ಕಾರಣವಿತ್ತು. ಹಟ್ಟಿಯಿಂದ ಮಸ್ಕಿಯವರೆಗೆ ನೆಲದಡಿ ಹಬ್ಬಿರುವ ಕಲ್ಲಿನ ಪಟ್ಟಿಯನ್ನು ಭೂವಿಜ್ಞಾನಿಗಳು ಇವತ್ತಿಗೂ ಈ ಎರಡು ಊರುಗಳ ಹೆಸರಿನಿಂದಲೇ ಕರೆಯುತ್ತಾರೆ. ಚಿನ್ನ ಹುಡುಕಲು ಹೋದವನ ಕಣ್ಣಿಗೆ ಬಂಡೆಯ ಮೇಲಿನ ಅಕ್ಷರ ಬಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದರು. ಪ್ರಾಕೃತ ಭಾಷೆ, ಬ್ರಾಹ್ಮೀ ಲಿಪಿ, ಅಲ್ಲಲ್ಲಿ ಚಕ್ಕೆ ಎದ್ದ ಕೆಲವೇ ಸಾಲು. ಶುರುವಿನಲ್ಲೇ ಎರಡು ಪದ ಅಕ್ಕಪಕ್ಕ ಕೂತಿದ್ದವು: ದೇವಾನಂಪಿಯಸ ಅಸೋಕಸ. ದೇವರಿಗೆ ಪ್ರಿಯನಾದ ಅಶೋಕನ.

ಬಿರುದಿನ ಪಕ್ಕದಲ್ಲಿ ಹೆಸರು. ಇವರಿಬ್ಬರೂ ಒಬ್ಬರೇ.

ಈಗ ಆ ಹೆಸರಿರುವ ಶಾಸನಗಳು ನಾಲ್ಕು. ಒಂದು ಮಧ್ಯಪ್ರದೇಶದ ಗುಜರ್ರಾದ್ದು. ಉಳಿದ ಮೂರೂ ನಮ್ಮ ತುಂಗಭದ್ರೆಯ ಆಸುಪಾಸಿನವು: ಮಸ್ಕಿ, ನಿಟ್ಟೂರು, ಉಡೇಗೋಳ. ಸಿಂಧನೂರಿನಿಂದ ಹೊಳೆ ದಾಟಿದರೆ ಸಿರುಗುಪ್ಪ. ನಿಟ್ಟೂರು ಆ ಕಡೆಯದೇ. ಪಾಟಲಿಪುತ್ರದ ದೊರೆಯ ಹೆಸರು ಗೊತ್ತಾಗಬೇಕಾದರೆ ಜೋಳದ ಹೊಲ, ಭತ್ತದ ಗದ್ದೆ ದಾಟಿ ಇಲ್ಲಿಗೇ ಬರಬೇಕು. ನಮ್ಮ ಭಾಗದವರಿಗೆ ಇದರ ಬಗ್ಗೆ ಸ್ವಲ್ಪ ಜಂಬವಿದೆ, ಇರಲಿ ಬಿಡಿ.

ಗುಡ್ಡದಿಂದ ಇಳಿಯುವಾಗ ಬೇರೆಯೇ ಯೋಚನೆ ಹತ್ತಿತು. ಈ ಬಂಡೆಯ ಮೇಲಿರುವುದು ಬರೀ ಅಕ್ಷರ. ಸಾವಿರಾರು ವರ್ಷ ಈ ಗುಡ್ಡದ ಮೇಲೆ ಕುರಿ ಕಾಯ್ದವರಿಗೆ ಅದು ಗೀಚು. ಓದು ಬಾರದವನ ಮುಂದೆ ಹೆಸರನ್ನು ಇಡುವುದು ಹೇಗೆ? ಅಶೋಕ ಎಂಬುದು ಮರದ ಹೆಸರೂ ಹೌದಲ್ಲ. ಪಕ್ಕದಲ್ಲಿ ಒಂದು ಮರ, ಅದರಲ್ಲಿ ಗೊಂಚಲು ಹೂವು ಕೊರೆದಿದ್ದರೆ ಕುರಿ ಕಾಯುವವನೂ ‘ಅಸೋಕ’ ಎಂದು ಓದುತ್ತಿದ್ದ.

ಕಡಲಾಚೆ ಒಂದು ನಾಡು ಹೆಸರುಗಳನ್ನು ಹೀಗೆಯೇ ಬರೆಯುತ್ತಿತ್ತು. ಹುಡುಗಾಟಕ್ಕಲ್ಲ, ಕಂದಾಯದ ಲೆಕ್ಕಕ್ಕೆ.

1520ರಲ್ಲಿ ಕೃಷ್ಣದೇವರಾಯ ರಾಯಚೂರಿನ ಕೋಟೆಗಾಗಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಷಾನ ಜೊತೆ ಸೆಣಸುತ್ತಿದ್ದ. ರಾಯನ ಕಡೆ ಪೋರ್ಚುಗೀಸ್ ಬಂದೂಕುಗಾರರೂ ಇದ್ದರು. ಮರುವರ್ಷವೇ, ಭೂಮಿಯ ಆ ಮಗ್ಗುಲಿಗೆ, ಸ್ಪೇನಿನವರು ಅಜ್ಟೆಕರ ರಾಜಧಾನಿ ತೆನೊಚ್‌ತಿತ್ಲಾನನ್ನು ಗೆದ್ದರು. ಅದೇ ಇಂದಿನ ಮೆಕ್ಸಿಕೊ ನಗರ. ಅಲ್ಲಿನವರ ಭಾಷೆ ನಾವಾತ್ಲ್. ಅವರಲ್ಲಿ ಬರೆಯುವವನಿಗೂ ಚಿತ್ರ ಬಿಡಿಸುವವನಿಗೂ ಒಂದೇ ಪದ: ತ್ಲಾಕ್ವಿಲೊ. ಹೊಸ ದೊರೆಗಳು ಬಂದರೂ ಇವನ ಕೆಲಸ ತಪ್ಪಲಿಲ್ಲ, ಹೆಚ್ಚಾಯಿತು. ತೆರಿಗೆ ಪಟ್ಟಿ, ಜಮೀನಿನ ಪಟ್ಟಿ, ನ್ಯಾಯಾಲಯದ ದೂರು ಎಲ್ಲದಕ್ಕೂ ಹೆಸರು ಬೇಕಲ್ಲ.

1541ರ ಆಸುಪಾಸಿನ ಮೆಂಡೋಜಾ ಗ್ರಂಥದಲ್ಲಿ ಅವರ ಹಳೆಯ ಅರಸರು ಸಾಲಾಗಿ ಕೂತಿದ್ದಾರೆ. ಅದೀಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರಲ್ಲಿ ಎಲ್ಲರದೂ ಒಂದೇ ಮುಖ, ಒಂದೇ ಕೂರುವ ಭಂಗಿ. ಗುರುತಿರುವುದು ತಲೆಯ ಹಿಂದೆ ಸಣ್ಣ ಗೆರೆಯಿಂದ ಕಟ್ಟಿದ ಚಿತ್ರದಲ್ಲಿ. ಬೆನ್ನ ತುಂಬ ಕಪ್ಪು ಗಾಜುಗಲ್ಲಿನ ಅಲಗು ಎದ್ದ ಹಾವು ಇದ್ದರೆ ಅವನು ಇಟ್ಸ್‌ಕೋಆತ್ಲ್, ಗಾಜುಗಲ್ಲಿನ ಹಾವು. ಹೊಗೆ ಏಳುವ ಗುರಾಣಿ ಇದ್ದರೆ ಚಿಮಾಲ್‌ಪೊಪೊಕಾ. ಹಿಡಿ ಜೊಂಡು ಹಿಡಿದ ಕೈ ಇದ್ದರೆ ಅಕಮಾಪಿಚ್‌ತ್ಲಿ. ನೀರು ಹರಿಯುವ ಮುಖವಿದ್ದರೆ ಅಶಾಯಾಕಾತ್ಲ್. ಕೊನೆಯ ದೊರೆ ಕ್ವಾಉತೆಮೊಕ್‌ನ ಹೆಸರಿಗೆ ಅರ್ಥ ಕೆಳಗೆರಗುವ ಹದ್ದು. ನಮ್ಮ ಕಡೆ ಹುಟ್ಟಿದ್ದರೆ ಒಬ್ಬ ನಾಗಪ್ಪ, ಇನ್ನೊಬ್ಬ ಗರುಡಪ್ಪ.

ಅರಸರ ಹೆಸರು ಬರೆಯುವುದು ದೊಡ್ಡ ಮಾತಲ್ಲ. ನನಗೆ ಹೆಚ್ಚು ಹಿಡಿಸಿದ್ದು ಹುಎಶೊತ್ಸಿಂಕೊ ಎಂಬ ಸೀಮೆಯ 1560ರ ಪಟ್ಟಿ. ಈಗದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಪುಟ ತಿರುಗಿಸಿದಷ್ಟೂ ಸಣ್ಣ ಸಣ್ಣ ತಲೆಗಳ ಸಾಲು. ರೈತ, ಬಡಗಿ, ಮುದುಕ, ಸಾವಿರಾರು ಜನ. ಒಂದೊಂದು ತಲೆಗೂ ಒಂದೊಂದು ಹೆಸರಿನ ಚಿತ್ರ: ಹಕ್ಕಿ, ಹೂವು, ಬಾಣ, ಕಲ್ಲು. ಪಕ್ಕದಲ್ಲಿ ರೋಮನ್ ಅಕ್ಷರದಲ್ಲಿ ಪಾದ್ರಿ ಇಟ್ಟ ಕ್ರೈಸ್ತ ಹೆಸರು, ಅದರ ಬೆನ್ನಿಗೆ ಊರವರು ಕರೆಯುವ ಹೆಸರು. ನಮ್ಮ ರೇಷನ್ ಕಾರ್ಡಿನ ಪಟ್ಟಿಯನ್ನು ಯಾರೋ ಕಸೂತಿ ಹಾಕಿ ಹೊಲಿದಂತೆ ಕಾಣುತ್ತದೆ. ತೆಪೆತ್ಲಾಒಸ್ತೋಕ್ ಎಂಬ ಇನ್ನೊಂದು ಊರಿನ ಪಟ್ಟಿಯಲ್ಲಿ ಸತ್ತವರ ತಲೆಗೆ ಕಪ್ಪು ತುಂಬಿದ್ದಾರೆ. ನಮ್ಮಜ್ಜನ ಖಾತೆಗೂ ಯಾರಾದರೂ ಅಷ್ಟು ಮಾಡಿದ್ದರೆ ನಾನು ಲಿಂಗಸುಗೂರಿಗೆ ಇಷ್ಟು ಸಲ ಓಡಾಡಬೇಕಿರಲಿಲ್ಲ.

ಹದ್ದಿಗೆ ಹದ್ದು, ಹಾವಿಗೆ ಹಾವು ಬರೆಯಬಹುದು. ಸ್ಪೇನಿನಿಂದ ಬಂದ ಸಾಹೇಬರ ಹೆಸರಿಗೆ ಏನು ಬರೆಯುವುದು? ಅವುಗಳ ಅರ್ಥ ಇವರಿಗೆ ಗೊತ್ತಿಲ್ಲ. ಅರ್ಥ ಕೈಬಿಟ್ಟು ತ್ಲಾಕ್ವಿಲೊ ಸಪ್ಪಳ ಹಿಡಿದ. ಅಲೊನ್ಸೊ ದೆ ಸೊರಿತಾ ಎಂಬ ನ್ಯಾಯಾಧೀಶನಿದ್ದ. ನಾವಾತ್ಲ್‌ನಲ್ಲಿ ಲಾವುಗೆ ಹಕ್ಕಿಗೆ ‘ಸೊಲಿನ್’. ಸೊರಿತಾ, ಸೊಲಿನ್, ಹತ್ತಿರ ಬಂತು ತಾನೆ? 1565ರ ಓಸುನಾ ಗ್ರಂಥದಲ್ಲಿ ಆ ಘನ ನ್ಯಾಯಾಧೀಶರ ಹೆಸರಿನ ಜಾಗದಲ್ಲಿ ಲಾವುಗೆಯ ತಲೆ ಕೂತಿದೆ. ವೈಸ್‌ರಾಯ್ ಮೆಂಡೋಜಾನಿಗೆ ಎರಡು ಚಿತ್ರ ಬೇಕಾಯಿತು. ಕತ್ತಾಳೆಗೆ ‘ಮೆತ್ಲ್’, ನೆಲ ಕೊರೆಯುವ ಇಲಿಯಂಥ ಪ್ರಾಣಿಗೆ ‘ತೊಸಾನ್’. ಕತ್ತಾಳೆಯ ಪಕ್ಕ ಆ ಪ್ರಾಣಿಯನ್ನು ಬಿಡಿಸಿದರೆ ಮೆ-ತೊಸಾ. ಪ್ರಾರ್ಥನೆಯನ್ನೂ ಹೀಗೆಯೇ ಕಲಿಯುತ್ತಿದ್ದರಂತೆ. ಲ್ಯಾಟಿನ್ನಿನ ‘ಪಾತೆರ್ ನೊಸ್ತೆರ್’ ನೆನಪಿಡಲು ಒಂದು ಬಾವುಟ, ಒಂದು ಪಾಪಸುಕಳ್ಳಿಯ ಹಣ್ಣು. ಬಾವುಟ ಪಂತ್ಲಿ, ಹಣ್ಣು ನೊಚ್‌ತ್ಲಿ. ಆ ಕತ್ತಾಳೆ, ಆ ಪಾಪಸುಕಳ್ಳಿ ಎರಡೂ ಮೂಲತಃ ಅಮೆರಿಕದ ಗಿಡಗಳು. ಆಮೇಲೆ ಹಡಗು ಹತ್ತಿ ಬಂದು ನಮ್ಮ ಹೊಲದ ಬದುವಿಗೂ ನಿಂತವು.

ಎಲ್ಲರಿಗೂ ಸಪ್ಪಳವನ್ನೇ ಹುಡುಕಿದರೆಂದಲ್ಲ. ಕೆಂಗೂದಲಿನ ಪೆದ್ರೊ ದೆ ಅಲ್ವರಾದೊನನ್ನು ಅಲ್ಲಿನ ಜನ ‘ತೊನಾತಿಉ’ ಎಂದು ಕರೆದರು. ಹಾಗೆಂದರೆ ಸೂರ್ಯ. ಅವನ ತಲೆಯ ಪಕ್ಕ ಸೂರ್ಯನನ್ನೇ ಬಿಡಿಸಿದರು. ಅಡ್ಡಹೆಸರು ಇಡುವುದರಲ್ಲಿ ಅವರು ನಮ್ಮ ಬಸ್‌ಸ್ಟ್ಯಾಂಡಿನ ಹುಡುಗರಿಗಿಂತ ಕಡಿಮೆಯವರಲ್ಲ. ಸಾಧಾರಣ ಪೆದ್ರೊಗಳಿಗೆ ಬೀಗದಕೈ ಸಾಕು. ಸಂತ ಪೇತ್ರನ ಕೈಯಲ್ಲಿ ಸ್ವರ್ಗದ ಬೀಗದಕೈ ಇರುವುದನ್ನು ಚರ್ಚಿಗೆ ಹೋಗುವವರೆಲ್ಲ ನೋಡಿರುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಶತಮಾನಗಳ ಹಳೆಯ ಕ್ಯಾಥೊಲಿಕ್ ನೆಲೆಯಿದೆ, ಅಲ್ಲಿಯವರಿಗೂ ಈ ಚಿತ್ರವನ್ನು ಬಿಡಿಸಿ ಹೇಳಬೇಕಿಲ್ಲ.

ಹೀಗೆ ಹೆಸರಿನ ಚಿತ್ರ ಎರಡು ಜಾತಿಯದು. ಒಂದು ಅರ್ಥ ತೋರಿಸುತ್ತದೆ, ಇನ್ನೊಂದು ಸಪ್ಪಳ ತೋರಿಸುತ್ತದೆ. ಹೊಗೆಯಾಡುವ ಗುರಾಣಿಯನ್ನು ಯಾವ ಭಾಷೆಯವನು ನೋಡಿದರೂ ಹೊಗೆಯಾಡುವ ಗುರಾಣಿಯೇ. ಲಾವುಗೆಯಲ್ಲಿ ಸೊರಿತಾ ಕಾಣಬೇಕಾದರೆ ನಾವಾತ್ಲ್ ಬಂದಿರಲೇಬೇಕು. ಸ್ವತಃ ಸೊರಿತಾನೇ ನೋಡಿದ್ದರೂ ಅದು ಹಕ್ಕಿಯೇ.

ಆ ತ್ಲಾಕ್ವಿಲೊನನ್ನು ಕರೆತಂದು ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಮತದಾರರ ಪಟ್ಟಿ ಕೈಗಿಟ್ಟರೆ? ಬಸ್ಸಿನಲ್ಲಿ ಕೂತು ಇದೇ ಆಟ ಆಡುತ್ತ ಬಂದೆ. ಕಲ್ಲಪ್ಪ, ನಾಗಮ್ಮ, ಕರಿಬಸಪ್ಪ, ಹುಲಿಗೆಮ್ಮ ಇವೆಲ್ಲ ಸುಲಭ: ಕಲ್ಲು, ಹೆಡೆ, ಕರಿ ಎತ್ತು, ಹುಲಿ. ಮಸ್ಕಿಯ ಗುಡ್ಡದ ಮೇಲಿರುವ ಮಲ್ಲಿಕಾರ್ಜುನನ ಹೆಸರಿಟ್ಟುಕೊಂಡ ಮಲ್ಲಪ್ಪಗಳಿಗೆ ಒಂದು ಮೊಳ ಮಲ್ಲಿಗೆ. ಕಷ್ಟ ಶುರುವಾಗುವುದು ಗುರುಗುಂಟಾದ ಅಮರೇಶ್ವರನಿಂದ. ಲಿಂಗಸುಗೂರು ಕಡೆ ಮನೆಗೊಬ್ಬ ಅಮರೇಶ, ಅಮರಪ್ಪ, ಅಮರಮ್ಮ. ಸಾವಿಲ್ಲದಿರುವುದನ್ನು ಚಿತ್ರದಲ್ಲಿ ಹೇಗೆ ತೋರಿಸುತ್ತೀರಿ? ಇಲ್ಲಿ ಸಪ್ಪಳ ಹಿಡಿಯಬೇಕು. ಅಕ್ಕಿ ಕಾಳೊಂದು, ಪಕ್ಕದಲ್ಲಿ ಮರ: ಅ-ಮರ. ಸಿಂಧನೂರು ತಾಲ್ಲೂಕಿನ ಅಂಬಾಮಠದ ದೇವಿಯ ಹೆಸರಿನ ಅಂಬಮ್ಮ, ಅಂಬಣ್ಣಗಳಿಗೆ ಒಂದು ಅಂಬು ಸಾಕು. ಯಲ್ಲಪ್ಪನಿಗೆ ಎಳ್ಳು. ಕಾಸಿಂಸಾಬನಿಗೆ ಕಾಸು. ‘ಲ’ಕ್ಕೂ ‘ಳ’ಕ್ಕೂ ವ್ಯತ್ಯಾಸವಿಲ್ಲವೇ ಎಂದು ಕನ್ನಡ ಮೇಷ್ಟ್ರು ಕೇಳಬಹುದು. ಸೊರಿತಾನನ್ನು ಲಾವುಗೆ ಮಾಡಿದವನ ಮುಂದೆ ಅದು ಯಾವ ಲೆಕ್ಕ? ಇನ್ನು ಅಪ್ಪ, ಅಮ್ಮಗಳಿಗೆ ಮೀಸೆಯನ್ನೋ ಬಳೆಯನ್ನೋ ಸೇರಿಸಿದರಾಯಿತು. ನಗಬೇಡಿ, ಅವರೂ ಅಂಥದ್ದೇ ಮಾಡಿದ್ದಾರೆ. ‘ತ್ಸಿಂಕೊ’ ಎಂದು ಮುಗಿಯುವ ಊರ ಹೆಸರಿಗೆ ಮನುಷ್ಯನ ಸೊಂಟದ ಕೆಳಗಿನ ಅರ್ಧ ಬಿಡಿಸುತ್ತಿದ್ದರು, ಏಕೆಂದರೆ ‘ತ್ಸಿಂತ್ಲಿ’ ಎಂದರೆ ಕುಂಡಿ. ಸರ್ಕಾರಿ ದಾಖಲೆಯಲ್ಲಿ, ಯಾವ ಸಂಕೋಚವೂ ಇಲ್ಲದೆ.

ನಮ್ಮವರು ಇದನ್ನು ಮಾಡಲೇ ಇಲ್ಲವೇ? ಒಂದು ಕಡೆ ಧಾರಾಳವಾಗಿ ಮಾಡಿದ್ದಾರೆ. ಬೇಲೂರು, ಹಳೇಬೀಡಿನಲ್ಲಿ ಹುಲಿಯನ್ನು ಇರಿಯುತ್ತಿರುವ ವೀರನ ಶಿಲ್ಪವನ್ನು ಎಲ್ಲರೂ ನೋಡಿದ್ದೇವೆ, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡಿದ್ದೇವೆ. ಗುರು ‘ಹೊಯ್ ಸಳ’ ಎಂದ, ಸಳ ಹೊಯ್ದ, ವಂಶ ಹೊಯ್ಸಳವಾಯಿತು. ಹಳೆಯ ಶಾಸನಗಳು ಅವರನ್ನು ಪೊಯ್ಸಳರೆನ್ನುತ್ತವೆ, ಕಥೆ ಆಮೇಲಿನದೆಂದು ಚರಿತ್ರೆಕಾರರು ಹೇಳುತ್ತಾರೆ. ನನಗೆ ಅದರಿಂದ ಖುಷಿಯೇ ಹೆಚ್ಚಾಯಿತು. ಅರ್ಥ ಮಸುಕಾದ ಹಳೆಯ ಹೆಸರಿನ ಸಪ್ಪಳ ಹಿಡಿದು, ಅದರಿಂದ ಒಂದು ಚಿತ್ರ ಹುಟ್ಟಿಸಿ, ಕಲ್ಲಿನಲ್ಲಿ ನಿಲ್ಲಿಸಿಬಿಟ್ಟರು. ಆ ಶಿಲ್ಪವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ನೋಡಿ: ಹೊಯ್, ಸಳ. ಅದು ಅವರ ಲಾವುಗೆ.

ಅಶೋಕನಿಗೂ ಕೊನೆಗೊಂದು ಚಿತ್ರ ಸಿಕ್ಕಿತು. ಅವನ ಕಾಲದ ನಾಣ್ಯಗಳಲ್ಲಿ ಬೆಟ್ಟ, ಚಂದ್ರ, ಗಿಡಗಳ ಮುದ್ರೆಗಳಿವೆ, ದೊರೆಯ ಹೆಸರಿಲ್ಲ. ಅವನ ಶಾಸನಗಳಲ್ಲಿ ಅಕ್ಷರವಿದೆ, ಅವನ ಚಿತ್ರವಿಲ್ಲ. ಎರಡೂ ಕೂಡಿದ್ದು ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ. ಅಲ್ಲಿ ಅಗೆದಾಗ ಹೊರಬಂದ ಬೌದ್ಧ ಸ್ತೂಪದ ಚಪ್ಪಡಿಯೊಂದರಲ್ಲಿ ರಾಜ ನಿಂತಿದ್ದಾನೆ. ಪಕ್ಕದಲ್ಲಿ ರಾಣಿ, ಸುತ್ತ ಕೊಡೆ, ಚಾಮರ ಹಿಡಿದವರು. ಬ್ರಾಹ್ಮಿಯಲ್ಲಿ ಎರಡೇ ಪದ: ರಾಯ ಅಸೋಕ. ಅವನು ಸತ್ತು ಶತಮಾನಗಳಾದ ಮೇಲೆ ಕೆತ್ತಿದ್ದು, ಅವನನ್ನು ಕಂಡವರು ಯಾರೂ ಉಳಿದಿರಲಿಲ್ಲ. ಅದೇ ಸ್ತೂಪದಲ್ಲಿ ಶಾತವಾಹನ ದೊರೆಗಳೂ ಹೆಸರು ಹೊತ್ತು ನಿಂತಿದ್ದಾರೆ. ಅಕ್ಷರ ಅಳಿಸಿದರೆ ಇವನು ಯಾರು, ಅವನು ಯಾರು ಹೇಳಲಾಗದು. ಮೆಂಡೋಜಾ ಗ್ರಂಥದ ಅರಸರಂತೆಯೇ ಇಲ್ಲೂ ಮುಖ ಯಾರದಾದರೂ ಆಗಬಹುದು, ಗುರುತು ಮಾತ್ರ ಪಕ್ಕದಲ್ಲಿರುವುದರಲ್ಲಿ. ಅವರದು ಹಾವು, ಹದ್ದು, ನಮ್ಮದು ಅಕ್ಷರ.

ಬರೆಯುವವನ ಕಥೆಯೊಂದು ಇಲ್ಲೇ ಹೇಳಿಬಿಡಬೇಕು, ನಮ್ಮಜ್ಜನ ವಿಷಯಕ್ಕೆ ಬೇಕಾಗುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಹೊರತಂದರು. ಅದರ ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ, ಲಿಪಿಕಾರ. ಇಡೀ ಶಾಸನ ಬ್ರಾಹ್ಮಿಯಲ್ಲಿದ್ದರೆ ತನ್ನ ಉದ್ಯೋಗ ಹೇಳುವ ಆ ಒಂದು ಪದವನ್ನು ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದ. ಖರೋಷ್ಠಿ ಇಲ್ಲಿಯದಲ್ಲ, ಗಂಧಾರದ ಕಡೆಯದು. ದೊರೆಯ ಮಾತನ್ನು ಹೇಳಿದಂತೆ ಬರೆದ. ಸಹಿಗೆ ಬಂದಾಗ ಮಾತ್ರ ಅವನು ಕಲಿತ ಅಕ್ಷರ ಇಣುಕಿತು.

ನಮ್ಮ ಉತ್ತರ ಕರ್ನಾಟಕದ ಅಡ್ಡಹೆಸರುಗಳಿಗೆ ಬರುತ್ತೇನೆ. ಇವನ್ನು ಕೇಳಿದಾಗ ಬೆಂಗಳೂರು, ಮೈಸೂರಿನವರು ನಗುತ್ತಾರೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ, ಅಕ್ಕಿ, ಹುಣಸಿಮರದ. ತ್ಲಾಕ್ವಿಲೊ ಕೇಳಿದ್ದರೆ ಕುಣಿದಾಡುತ್ತಿದ್ದ. ತಲೆ ಕೆಡಿಸಿಕೊಳ್ಳುವಂತಿಲ್ಲ, ಕಂಡದ್ದು ಬಿಡಿಸಿದರೆ ಹೆಸರು. ಅದರಲ್ಲೂ ಮೆಣಸಿನಕಾಯಿಯ ಮನೆತನದವರು ಅವನಿಗೆ ಬೀಗರಾಗಬೇಕು. ಮೆಣಸಿನಕಾಯಿ ಬಂದದ್ದೇ ಆ ನಾಡಿನಿಂದ. ಇಂಗ್ಲಿಷಿನ ‘ಚಿಲ್ಲಿ’ ನಾವಾತ್ಲ್‌ನ ‘ಚಿಲ್ಲಿ’ಯೇ. ಪೋರ್ಚುಗೀಸರ ಹಡಗು ಬರುವ ಮುಂಚೆ ಈ ಅಡ್ಡಹೆಸರು ಯಾರಿಗೂ ಇರಲು ಸಾಧ್ಯವಿರಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಎರಡೂ ನಾಡುಗಳು ಒಂದೇ ತೆರನಾಗಿ ಜಿಪುಣ. ನಾವಾತ್ಲ್ ಪಟ್ಟಿಗಳಲ್ಲಿ ಗಂಡಸರಿಗೆ ಹಕ್ಕಿ, ಹಾವು, ಗುರಾಣಿ ಎಂದು ಬಗೆಬಗೆಯ ಹೆಸರು. ಹೆಂಗಸರು ಎಷ್ಟೋ ಕಡೆ ತೆಯಾಕಾಪಾನ್, ತ್ಲಾಕೊ, ತೆಈಕು, ಶೊಕೊ. ಹಾಗೆಂದರೆ ಹಿರೇಕಿ, ನಡುವಿನಾಕಿ, ಚಿಕ್ಕಾಕಿ, ಕ್ವಾನೇಕಿ. ಹುಟ್ಟಿದ ಕ್ರಮಸಂಖ್ಯೆಯೇ ಹೆಸರು. ನಮ್ಮ ದೊಡ್ಡಮ್ಮ, ಸಣ್ಣಮ್ಮರನ್ನು ನೆನೆಯಿರಿ. ಹೆಣ್ಣು ಮೇಲೆ ಹೆಣ್ಣಾಗಿ ‘ಸಾಕು’ ಎನ್ನಿಸಿದಾಗ ಹುಟ್ಟಿದ ಸಾಕಮ್ಮನನ್ನು ನೆನೆಯಿರಿ. ಸಾಕು ಎಂಬುದಕ್ಕೆ ಯಾವ ಚಿತ್ರ? ಎತ್ತಿ ತಡೆದ ಅಂಗೈ ಇರಬೇಕು.

1951–52ರ ಮೊದಲ ಮಹಾಚುನಾವಣೆಯಲ್ಲಿ ಇದು ದೇಶದ ಸಮಸ್ಯೆಯೇ ಆಯಿತು. ಉತ್ತರದ ರಾಜ್ಯಗಳಲ್ಲಿ ಲಕ್ಷಗಟ್ಟಲೆ ಹೆಂಗಸರು ಹೆಸರು ಹೇಳಲಿಲ್ಲ, ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಹೆಸರಿಲ್ಲದೆ ಮತವಿಲ್ಲ ಎಂದರು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದರು. ಅದೇ ಚುನಾವಣೆ ಇನ್ನೊಂದು ಕೆಲಸ ಮಾಡಿತು, ಇಡೀ ದೇಶವನ್ನು ಹುಎಶೊತ್ಸಿಂಕೊ ಮಾಡಿತು. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಚಿತ್ರ: ನೊಗ ಹೊತ್ತ ಜೋಡೆತ್ತು, ಗುಡಿಸಲು, ದೀಪ, ತೆನೆ-ಕುಡುಗೋಲು. ಆಗ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಉರ್ದು ಓದುವವನಿಗೂ ಕನ್ನಡ ಓದುವವನಿಗೂ ಏನೂ ಓದದವನಿಗೂ ಎತ್ತು ಎತ್ತೇ.

ಪಕ್ಷದ ಚಿಹ್ನೆ ಕುಲದ ಲಾಂಛನದಂತೆ. ವ್ಯಕ್ತಿಯ ಹೆಸರಿನ ಚಿತ್ರ ನೋಡಬೇಕಾದರೆ ಗ್ರಾಮ ಪಂಚಾಯಿತಿ ಚುನಾವಣೆಗೆ ಬನ್ನಿ. ಅಲ್ಲಿ ಪಕ್ಷವಿಲ್ಲ, ಆಳಿಗೊಂದು ಚಿಹ್ನೆ. ಹದಿನೈದು ದಿನ ಊರಲ್ಲಿ ಯಾರಿಗೂ ಅವರ ಹೆಸರಿರುವುದಿಲ್ಲ. ‘ತಕ್ಕಡಿ ಮನಿಗಿ ಬಂದಿದ್ದ’, ‘ಹೊಲಿಗಿ ಮಷಿನ್ ಐದು ಸಾವಿರ ಖರ್ಚು ಮಾಡ್ಯಾನ’. ಎಣಿಕೆಯ ದಿನ ಸಂಜೆ ತಕ್ಕಡಿ ಗೆಲ್ಲುತ್ತದೆ, ಗುಲಾಲು ಬಳಿದುಕೊಂಡು ಮೆರವಣಿಗೆ ಹೋಗುತ್ತದೆ. ಸಿಂಧನೂರು ತಾಲ್ಲೂಕಿನಲ್ಲಿ ಇದರ ಬೆಲೆ ಇನ್ನೂ ಜಾಸ್ತಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದವರ ಕ್ಯಾಂಪುಗಳಿವೆ, ಪೂರ್ವ ಬಂಗಾಳ ಬಿಟ್ಟು ಬಂದವರಿಗೆ ಕೊಟ್ಟ ಆರ್.ಎಚ್. ಕ್ಯಾಂಪುಗಳಿವೆ, ತಾಂಡಾಗಳಿವೆ. ಕನ್ನಡ, ತೆಲುಗು, ಬಂಗಾಳಿ, ಉರ್ದು, ಲಂಬಾಣಿ ಐದೂ ನಾಲಿಗೆಗೆ ತಕ್ಕಡಿ ಬೇರೆ ಬೇರೆ ಪದ, ಮುದ್ರೆ ಒತ್ತುವ ಜಾಗ ಒಂದೇ. ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಾದರೆ 2015ರಿಂದ ಮತಯಂತ್ರದ ಹಾಳೆಯ ಮೇಲೆ ಅಭ್ಯರ್ಥಿಯ ಫೋಟೊ ಕೂಡ ಬರುತ್ತದೆ. ಮುಖ ಬಂತೆಂದು ಚಿಹ್ನೆ ಹೋಗಲಿಲ್ಲ. ಬೆರಳಚ್ಚಿನಷ್ಟು ಫೋಟೊದಲ್ಲಿ ಎಲ್ಲ ಮುಖವೂ ಕನಗನಹಳ್ಳಿಯ ರಾಜನೇ.

ಚಿತ್ರವನ್ನು ನಿಜವಾಗಿ ಕೊಂದದ್ದು ಇಂಗ್ಲಿಷಿನ ಇನಿಷಿಯಲ್ಲು. ಹೂವಪ್ಪನ ಮಗ ಕಾಲೇಜು ಸೇರಿದೊಡನೆ ಅಪ್ಪ ‘ಎಚ್.’ ಆಗುತ್ತಾನೆ. ಹುಲಿಗೆಮ್ಮನೂ ಎಚ್., ಹನುಮಪ್ಪನೂ ಎಚ್. ಹೂವು, ಹುಲಿ, ಬಾಲ ಎಲ್ಲ ಹೋಗಿ ಎರಡು ಗೂಟಕ್ಕೆ ಅಡ್ಡ ಕಟ್ಟಿದ ಒಂದು ಗಳ ಉಳಿಯುತ್ತದೆ. ಆಧಾರಿನಲ್ಲಿ ‘ಯು’ ಒಂದು, ಪಾಸ್‌ಬುಕ್ಕಿನಲ್ಲಿ ‘ಓ’ ಎರಡು. ಅದಕ್ಕೆ ಮತ್ತೊಂದು ಅಫಿಡವಿಟ್ಟು.

ಇನ್ನು ನಮ್ಮಜ್ಜನ ಕಥೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವಂತಿರಲಿಲ್ಲ. ಮದುವೆಯಲ್ಲಿ ಒತ್ತಾಯ ಮಾಡಿದರೆ ಒಡಪು ಹೇಳಬೇಕು, ಪ್ರಾಸ ಕಟ್ಟಿ, ಸುತ್ತಿ ಬಳಸಿ, ಕೊನೆಗೆ ನಾಚಿಕೊಂಡು ಹೆಸರು ಉದುರಿಸಬೇಕು. ಅದೂ ಮದುವೆಯ ಹೊತ್ತಿಗೆ ಮಾತ್ರ. ಸರ್ಕಾರದವರ ಮುಂದೆ ಒಡಪು ನಡೆಯುವುದಿಲ್ಲ. ಪಟ್ಟಿ ಬರೆಯಲು ಒಬ್ಬ ಮೇಷ್ಟ್ರು ಮನೆಗೆ ಬಂದ. ಕ್ಯಾಂಪಿನ ಕಡೆಯವನು, ಮನೆಮಾತು ತೆಲುಗು, ಕನ್ನಡ ಬರೆಯುವುದು ಚೆನ್ನಾಗಿಯೇ ಬರುತ್ತಿತ್ತು. ಅಜ್ಜ ಹೊಲಕ್ಕೆ ಹೋಗಿದ್ದ. ಯಜಮಾನರ ಹೆಸರೇನವ್ವಾ ಎಂದ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮತ್ತೆ ಕೇಳಿದ. ಅಂಗಳದ ಕಣಗಿಲೆಯತ್ತ ಕೈ ತೋರಿಸಿ, ‘ಅದ ನೋಡ್ರಿ, ದೇವರಿಗಿ ಏರಸ್ತಾರಲ್ಲ, ಅದಪ್ಪ’ ಎಂದಳು.

ಮೇಷ್ಟ್ರು ಗಿಡ ನೋಡಿದ. ಅರ್ಥವಾಯಿತು, ಖುಷಿಯೂ ಆಯಿತು. ಅವನ ನಾಲಿಗೆಯಲ್ಲಿ ಹೂವಿಗೆ ಬಂದ ಪದವನ್ನು, ಶುದ್ಧ ಕನ್ನಡ ಅಕ್ಷರದಲ್ಲಿ, ಪಟ್ಟಿಯಲ್ಲಿ ಬರೆದುಕೊಂಡು ಹೋದ: ಪೂಲಪ್ಪ.

ಬಾಂಡ್ ರೈಟರ್ ಬರೆದು ಮುಗಿಸಿ ಗಟ್ಟಿಯಾಗಿ ಓದಿದರು. ‘...ಸದರಿ ಹೂವಪ್ಪ ಹಾಗೂ ಪೂಲಪ್ಪ ಇಬ್ಬರೂ ಒಬ್ಬರೇ ಆಗಿದ್ದು...’ ಅಷ್ಟಕ್ಕೆ ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು.

‘ಪೂಲಪ್ಪ ಅಂದ್ರ ಏನ್ರಿ?’

‘ಹೂವಪ್ಪ ಅಂತನ ರೀ. ತೆಲುಗಿನಾಗ.’

‘ಹಂಗಾದ್ರ ತಪ್ಪೇನು ಬರದಿಲ್ಲಲ್ಲ ಅವ’ ಎಂದು ಹಾಳೆ ನನ್ನ ಕಡೆ ತಿರುಗಿಸಿ, ಇಂಕಿನ ಪ್ಯಾಡು ಮುಂದಕ್ಕೆ ದೂಡಿದರು. ‘ಸಹಿ ಮಾಡ್ತೀರೋ, ಹೆಬ್ಬಟ್ಟು ಒತ್ತೀರೋ?’